ನಮ್ಮ ಹಳೆ ಲಾರಿ 1210ಗೆ ಟರ್ಬೋ ಬೇಡ, ಬಿಟ್ಟುಬಿಡಿ

ನಿನ್ನೆ ಸಕಲೇಶಪುರದ ಗ್ಯಾರೇಜಿನಲ್ಲಿ ಟೀ ಕುಡಿದು ಮುಗಿಸುವಷ್ಟರಲ್ಲಿ ಬಂದವರೆಲ್ಲ ನನಗೆ ಟರ್ಬೋ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ, ಮಾರಲು ನೋಡಿದರು. ಒಬ್ಬರಾದರೂ ಬಾನೆಟ್ ಎತ್ತಿ ನೋಡಬೇಕಲ್ವಾ? ಇಲ್ಲ. ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೋ ತೋರಿಸಿ "ಅಣ್ಣಾ, ಹಾಕ್ಸಿಬಿಡಿ, ಘಾಟಿ ಹಾರ್ಕೊಂಡ್ ಹತ್ತುತ್ತೆ" ಅಂದ. ಲಾರಿ ಯಾಕಪ್ಪಾ ಹಾರಬೇಕು?

ನಮ್ಮ ಮನೆಯ ಟಾಟಾ 1210 ನಿಮಗೆಲ್ಲ ಗೊತ್ತಿರುವುದೇ. ಮೂತಿ ಇರುವ ಎಸ್‌ಇ ಮಾಡೆಲ್, ಊರಿನ ಹಿರಿಯರ ಬಾಯಲ್ಲಿ ಇವತ್ತಿಗೂ "ಬೆಂಜ್". 1954ರಲ್ಲಿ ಟಾಟಾದವರು ಬೆಂಜ್ ಜೊತೆ ಮಾಡಿಕೊಂಡ ಒಪ್ಪಂದ 1969ಕ್ಕೇ ಮುಗಿದಿತ್ತು, ನಮ್ಮ ಲಾರಿ ಬಂದಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಆದರೂ ಹೆಸರು ಹೋಗಿಲ್ಲ. ಈಗ ಅದರ ಕೆಲಸ ಅಂದರೆ ತೋಟದ ಗೊಬ್ಬರ, ಕಾಫಿ ಮೂಟೆ, ಆಗಾಗ ಮರಳು. 1210 ಅಂದರೆ ಹನ್ನೆರಡು ಟನ್, ನೂರು ಎಚ್‌ಪಿ ಹತ್ತಿರ. ಅಷ್ಟೇ ಅಂತ ಮೂತಿಯ ಮೇಲೇ ಬರೆದುಕೊಂಡು ಓಡಾಡುವ ಗಾಡಿ ಅದು, ಯಾರಿಗೂ ಮೋಸ ಮಾಡಿಲ್ಲ.

ಇನ್ನೊಬ್ಬ ಮಹಾನುಭಾವರು "ನಿಮ್ಮ 692 ಇಂಜಿನ್ನನ್ನು ಬೋರ್ ಮಾಡಿಸಿ 697 ಮಾಡ್ಕೊಳ್ಳಿ" ಅಂದರು. ಆರು ಸಿಲಿಂಡರ್, 92 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ), ಅದಕ್ಕೇ 692. ಇನ್ನೊಂದರದ್ದು 97. ಸರಿ ಸ್ವಾಮಿ, ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ? ಇದರದ್ದು 120, ಅದರದ್ದು 128. ಅಂದರೆ ಆ ದೂರ ನಿರ್ಧರಿಸುವ ಕ್ರ್ಯಾಂಕೇ ಬೇರೆ. ಬೋರ್ ಮಾಡಿಸಿದರೆ ಕ್ರ್ಯಾಂಕ್ ತಾನಾಗಿ ಬೆಳೆಯುತ್ತದಾ?

ನನ್ನ ತಕರಾರು ಒಂದೇ. ಇರುವ ಇಂಜಿನ್ ಹೇಗಿದೆ ಅಂತ ನೋಡದೆ ಅದಕ್ಕೆ ಇನ್ನೇನು ಸೇರಿಸೋಣ ಅಂತ ಕೇಳುತ್ತಾರೆ. ಗಾಡಿ ಸ್ಟಾರ್ಟ್ ಮಾಡಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಸಾಕು, ಬುಸ್ ಬುಸ್ ಅಂತ ಹೊಗೆ ಬರುತ್ತಿದೆ. ಕೈ ಅಡ್ಡ ಹಿಡಿದರೆ ಬಿಸಿ ಗಾಳಿ ತಳ್ಳುತ್ತದೆ, ಅಂಗೈಗೆ ಆಯಿಲ್ ಹನಿ ಅಂಟುತ್ತದೆ. ಪಿಸ್ಟನ್ ರಿಂಗ್ ಸವೆದಿದೆ ಅಂತ ಇಂಜಿನ್ನೇ ಹೇಳುತ್ತಿದೆ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ ಬಿಚ್ಚಿ ಟೆಸ್ಟರ್‌ಗೆ ಹಾಕಿದರೆ ಮಂಜಿನ ಹಾಗೆ ಡೀಸೆಲ್ ಚಿಮ್ಮಬೇಕು. ನಮ್ಮದರಲ್ಲಿ ಎರಡು ತೊಟ್ಟಿಕ್ಕುತ್ತಿವೆ. ಇಂಥದ್ದಕ್ಕೆ ಟರ್ಬೋ ಹಾಕುವುದು ಅಂದರೆ ಸೋರುವ ಪೈಪಿಗೆ ದೊಡ್ಡ ಮೋಟರ್ ಕೂರಿಸಿದ ಹಾಗೆ.

ಒಂದು ಮಾತು ಒಪ್ಪಬೇಕು. ಘಟ್ಟದ ಮೇಲೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಕೆಳಗಿನದಕ್ಕಿಂತ ಹತ್ತರಲ್ಲಿ ಒಂದು ಪಾಲು ತೆಳ್ಳಗೆ, ಟರ್ಬೋ ಆ ಕೊರತೆ ತುಂಬುತ್ತದೆ. 697ಕ್ಕೂ ಕಂಪನಿಯವರೇ ಟರ್ಬೋ ಹಾಕಿ 1613 ಲಾರಿ ಮಾಡಿದರು, ಚೆನ್ನಾಗೇ ಓಡಿತು. ಆದರೆ ಅವರು ಇಂಜಿನ್ನನ್ನೇ ಅದಕ್ಕೆ ತಕ್ಕ ಹಾಗೆ ಕಟ್ಟಿದ್ದರು. ನಾವು ಮಾಡುವುದೇನು? ಗುಜರಿಯಿಂದ ಟರ್ಬೋ ತಂದು, ಆಯಿಲ್ ಲೈನ್ ಎಳೆದು, ಸುಮ್ನೆ ಗಾಳಿ ಕೊಟ್ಟರೆ ಪವರ್ ಬರಲ್ಲ ಅಂತ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡುವುದು. ಆ ಶಾಖ ಎಲ್ಲ ಹಳೆ ಪಿಸ್ಟನ್ ಮತ್ತು ಹೆಡ್ ಗ್ಯಾಸ್ಕೆಟ್ ಮೇಲೆ. ಎಕ್ಸಾಸ್ಟ್ ಎಷ್ಟು ಕಾಯುತ್ತಿದೆ ಅಂತ ನೋಡಲು ಒಂದು ಮೀಟರ್ ಹಾಕಿಸೋಣ ಅಂದರೆ "ಅದೆಲ್ಲ ಯಾಕೆ ಸಾರ್, ಖರ್ಚು". ಹೌದಾ! ಟರ್ಬೋಗೆ ಇರುವ ದುಡ್ಡು ಮೀಟರಿಗೆ ಇಲ್ಲ.

ಇರಲಿ, ಹತ್ತಿತು ಅಂತಲೇ ಇಟ್ಟುಕೊಳ್ಳೋಣ. ಇಳಿಯುವುದು? ಶಿರಾಡಿ ಘಾಟಿಯಲ್ಲಿ ಲೋಡ್ ಇಟ್ಟುಕೊಂಡು ಇಳಿಯುವಾಗ ಟರ್ಬೋ ಏನು ಮಾಡುತ್ತದೆ? ಡ್ರಮ್ ಕಾದು ಲೈನರ್ ವಾಸನೆ ಬಂದಾಗ ಹಿಡಿಯುವುದು ಎರಡನೇ ಗೇರು ಮತ್ತು ದೇವರು. ಬ್ರೇಕ್ ಬಗ್ಗೆ ಕೇಳಿದ ಒಬ್ಬೇ ಒಬ್ಬ ಸಲಹೆಗಾರ ನನಗೆ ಸಿಕ್ಕಿಲ್ಲ.

ಇನ್ನೊಂದು, ನಗಬೇಡಿ. ರಾತ್ರಿ ಹೈವೇಯಲ್ಲಿ ಟರ್ಬೋ ಇರುವ ಲೋಡ್ ಲಾರಿ ಶಿಳ್ಳೆ ಹೊಡೆಯುತ್ತಾ ಹತ್ತುವುದು ಕೇಳಿದರೆ ನನಗೂ ಹೊಟ್ಟೆಕಿಚ್ಚಾಗುತ್ತದೆ. ಆ ಶಬ್ದಕ್ಕೋಸ್ಕರವೇ ಹಾಕಿಸಿಬಿಡಲಾ ಅಂತ ಎಷ್ಟೋ ಸಲ ಅನ್ನಿಸಿದೆ. ಆಮೇಲೆ ಬೆಳಿಗ್ಗೆ ಸ್ಟೇರಿಂಗ್ ತಿರುಗಿಸಿ ಭುಜ ನೋಯುವಾಗ ನಿಜವಾಗಿ ಬೇಕಾಗಿದ್ದು ಏನು ಅಂತ ಗೊತ್ತಾಗುತ್ತದೆ. ಪವರ್ ಸ್ಟೇರಿಂಗ್! ಅದನ್ನು ಹೇಳುವವರೂ ಇಲ್ಲ. ಅದರ ವಿಡಿಯೋ ಮಾಡಿದರೆ ಯಾರು ನೋಡುತ್ತಾರೆ ಹೇಳಿ.

ಹಾಗಾಗಿ ಈ ಮಳೆಗಾಲ ಗಾಡಿ ಶೆಡ್ಡಿನಲ್ಲಿದ್ದಾಗ ರಿಂಗ್ ಮತ್ತು ಬೇರಿಂಗ್, ನಾಝಲ್, ಪಂಪ್ ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ ಸರಿಮಾಡುವುದು), ರೇಡಿಯೇಟರ್ ಕೋರ್, ನಾಲ್ಕೂ ಕಡೆ ಬ್ರೇಕ್ ಲೈನರ್. ದುಡ್ಡು ಉಳಿದರೆ ಸ್ಟೇರಿಂಗ್. ಕಳೆದುಹೋದ ಎಚ್‌ಪಿ ವಾಪಸ್ ಬಂದರೆ ನನಗೆ ಅದೇ ಅಪ್‌ಗ್ರೇಡ್.

ಹಾಸನ ಕಡೆ ಹಳೆ ಇನ್‌ಲೈನ್ ಡೀಸೆಲ್ ಪಂಪನ್ನು ಬೆಂಚಿಗೆ ಹಾಕಿ ನಿಯತ್ತಾಗಿ ಕ್ಯಾಲಿಬ್ರೇಟ್ ಮಾಡುವವರು ಯಾರಾದರೂ ಗೊತ್ತಿದ್ದರೆ ಕಾಮೆಂಟಿನಲ್ಲಿ ತಿಳಿಸಿ. "ಬ್ರೋ, ಟರ್ಬೋ" ಅಂತ ಬರೆಯುವವರನ್ನು ಬ್ಲಾಕ್ ಮಾಡುತ್ತೇನೆ, ನೆಂಟರಾದರೂ ಸರಿ.