ಮನೆ ಕಂದಾಯಕ್ಕೆ ಮಾರ್ಗಸೂಚಿ ದರವೇ ಆಧಾರವಾಗಬೇಕಾ? ಪರ ಮತ್ತು ವಿರೋಧ

ಏಪ್ರಿಲ್ ಬಂತೆಂದರೆ ಮನೆ ಕಂದಾಯದ ಮಾತು ಶುರುವಾಗುತ್ತದೆ. ಆ ತಿಂಗಳೊಳಗೆ ಇಡೀ ವರ್ಷದ್ದನ್ನು ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಇದೆ, ಹಾಗಾಗಿ ಎಲ್ಲರಿಗೂ ಅವಸರ. ಕಟ್ಟುವುದೇನೋ ಈಗ ಸಲೀಸು. ಆಸ್ತಿಯ ನಂಬರ್ ಹಾಕಿದರೆ ಮೊತ್ತ ಪರದೆಯ ಮೇಲೆ ಬರುತ್ತದೆ. ಮೊಬೈಲ್‌ನಲ್ಲೇ ದುಡ್ಡು ಕಟ್ಟಿ ರಸೀದಿ ಇಳಿಸಿಕೊಳ್ಳಬಹುದು. ಆದರೆ ಆ ಮೊತ್ತ ಹೇಗೆ ಬಂತು ಅಂತ ಕೇಳಿದರೆ ಬಹಳಷ್ಟು ಮಂದಿ ಸುಮ್ಮನಾಗುತ್ತಾರೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಎರಡು ದಾರಿ. ಬೆಂಗಳೂರಿನಲ್ಲಿ 2008-09ರಿಂದ ಯೂನಿಟ್ ಏರಿಯಾ ಪದ್ಧತಿ ನಡೆದುಬಂದಿದೆ. ಊರನ್ನು 'ಎ' ಯಿಂದ 'ಎಫ್' ವರೆಗೆ ಆರು ವಲಯ ಮಾಡಿ, ಚದರಡಿಗೆ ತಿಂಗಳಿಗೆ ಇಷ್ಟು ಅಂತ ದರ ಗೊತ್ತು ಮಾಡಿದ್ದಾರೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಆಸ್ತಿಯ ಬೆಲೆಯೇ ಆಧಾರ. ಆ ಬೆಲೆ ಸಿಗುವುದು ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ಮಾರ್ಗಸೂಚಿ ದರದಿಂದ. ಸೈಟು, ಮನೆ ರಿಜಿಸ್ಟರ್ ಮಾಡಿಸುವಾಗ ಇದಕ್ಕಿಂತ ಕಡಿಮೆ ಬೆಲೆ ತೋರಿಸಿ ಶುಲ್ಕ ಉಳಿಸಬಾರದು ಅಂತ ಸರ್ಕಾರ ಕಟ್ಟಿರುವ ದರ ಅದು. ಬೆಂಗಳೂರನ್ನೂ ಇದೇ ದಾರಿಗೆ ತರಲು 2024ರ ಫೆಬ್ರುವರಿಯಲ್ಲಿ ಕರಡು ಅಧಿಸೂಚನೆ ಬಂತು. ವಿರೋಧ ಎದ್ದಿತು, ಕರಡು ಪಕ್ಕಕ್ಕೆ ಹೋಯಿತು. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಎರಡೂ ಕಡೆಯ ಮಾತಿನಲ್ಲಿ ತೂಕ ಇದೆ ಅಂತ ನನಗನಿಸುತ್ತದೆ. ಹಾಗಾಗಿ ಒಂದೊಂದನ್ನೂ ಆ ಕಡೆ ನಿಂತೇ ಬರೆದಿದ್ದೇನೆ.

ಪರ: ಬೆಲೆ ಬೆಳೆದ ಕಡೆ ಕಂದಾಯವೂ ಬೆಳೆಯಲಿ

ಬೆಂಗಳೂರಿನ ಲೆಕ್ಕವನ್ನು ಒಮ್ಮೆ ಕೈಯಾರೆ ಹಾಕಿ ನೋಡಿ. ಸಾವಿರ ಚದರಡಿಯ ಸ್ವಂತ ವಾಸದ ಮನೆ, ಯೂನಿಟ್ ದರ 2 ರೂಪಾಯಿ ಅಂತ ಇಟ್ಟುಕೊಳ್ಳೋಣ. ತಿಂಗಳಿಗೆ 2,000 ರೂಪಾಯಿ ಆಯಿತು. ವರ್ಷಕ್ಕೆ ಹತ್ತೇ ತಿಂಗಳು ಲೆಕ್ಕಕ್ಕೆ ಹಿಡಿಯುತ್ತಾರೆ, ಅಲ್ಲಿಗೆ 20,000. ಕಟ್ಟಡ ಹಳೆಯದಾದ ಹಾಗೆ ಸವಕಳಿ ಕಳೆಯುತ್ತಾರೆ. ಶೇ 10 ಕಳೆದರೆ 18,000. ಅದರ ಶೇ 20 ತೆರಿಗೆ, ಅಂದರೆ 3,600. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಉಪಕರ ಸೇರಿ ಶೇ 24, ಅಂದರೆ 864. ಒಟ್ಟು 4,464 ರೂಪಾಯಿ.

ಇಷ್ಟೆಲ್ಲ ಲೆಕ್ಕದಲ್ಲಿ ಮನೆ ಊರಿನ ಯಾವ ಭಾಗದಲ್ಲಿದೆ ಅನ್ನುವುದು ಬರುವುದು ಒಂದೇ ಕಡೆ, ಆ 2 ರೂಪಾಯಿಯಲ್ಲಿ. ಈ ದರಗಳನ್ನು ಕಟ್ಟಿದ್ದು 2008ರಲ್ಲಿ, ಏರಿಸಿದ್ದು 2016ರಲ್ಲಿ. ಅಷ್ಟರಲ್ಲಿ ಊರು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿತು. ಆಮೇಲೆ ಹಳಿ ಊರಿನ ನಾಲ್ಕೂ ದಿಕ್ಕಿಗೆ ಹೋಯಿತು. ನಿಲ್ದಾಣ ಹತ್ತಿರ ಬಂದ ಕಡೆಯೆಲ್ಲ ಸೈಟಿನ ಬೆಲೆ ಹೇಳುವವರ ದನಿಯೇ ಬದಲಾಯಿತು. ಆ ಬೆಲೆ ಬಂದದ್ದು ಎಲ್ಲರ ತೆರಿಗೆ ದುಡ್ಡಿನಿಂದ. ದೂರದ ಬಡಾವಣೆಯಲ್ಲಿ, ಕಾವೇರಿ ನೀರೂ ಬರದ ಮನೆಯಲ್ಲಿ ಇರುವವನೂ ಅದಕ್ಕೆ ಪಾಲು ಕೊಟ್ಟಿದ್ದಾನೆ. ಆ ಏರಿಕೆಯಲ್ಲಿ ಒಂದು ಚೂರು ಊರಿನ ಖಜಾನೆಗೆ ವಾಪಸ್ ಬರಲಿ ಅಂದರೆ ತಪ್ಪೇನು?

ಇನ್ನೊಂದು ಮಾತು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆರು ವಲಯಗಳನ್ನು ಗುರುತಿಸಿದ್ದೂ ಆವತ್ತಿನ ಮಾರ್ಗಸೂಚಿ ದರ ನೋಡಿಯೇ. ಅಂದರೆ ಬೆಂಗಳೂರಿಗೂ ಇದು ಹೊಸದೇನಲ್ಲ. ಹಳೆಯ ಬೆಲೆಗಳನ್ನು ಆರು ಗುಂಪಿಗೆ ತುರುಕಿ ಬಳಸುತ್ತಿದ್ದೇವೆ, ಅಷ್ಟೇ. ಒಂದೇ ವಲಯದಲ್ಲಿ ತುಂಬ ದುಬಾರಿ ಬೀದಿ ಇರುತ್ತದೆ, ಅದರ ಅರ್ಧ ಬೆಲೆಯ ಬೀದಿಯೂ ಇರುತ್ತದೆ. ಎರಡಕ್ಕೂ ಒಂದೇ ದರ. ವಲಯದ ಗಡಿ ರಸ್ತೆಯ ಮೇಲೆ ಬಂದರೆ ಎದುರುಬದುರು ಮನೆಗಳಿಗೆ ಬೇರೆ ಬೇರೆ ದರ. ಮಾರ್ಗಸೂಚಿ ದರದ ಪಟ್ಟಿ ಇದಕ್ಕಿಂತ ಎಷ್ಟೋ ಮೇಲು. ಬಡಾವಣೆ, ಮುಖ್ಯರಸ್ತೆ, ಅಡ್ಡರಸ್ತೆ ಅಂತ ಬಿಡಿಸಿ ಹೇಳುತ್ತದೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು.

ಬಾಡಿಗೆಯ ವಿಷಯಕ್ಕೆ ಬನ್ನಿ. ಯೂನಿಟ್ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯ ದರ ಸ್ವಂತ ವಾಸದ ಮನೆಯ ಎರಡು ಪಟ್ಟು. ಇದನ್ನು ಬರೆದುಕೊಡಬೇಕಾದವರು ಮಾಲೀಕರೇ. ಮೂರು ಮಹಡಿ ಬಾಡಿಗೆಗೆ ಕೊಟ್ಟು ಇಡೀ ಕಟ್ಟಡ ಸ್ವಂತ ವಾಸಕ್ಕೆ ಅಂತ ಬರೆದರೆ ಬಂದು ನೋಡುವವರು ಯಾರು? ಪಕ್ಕದ ಮನೆಯವರು ಇದ್ದದ್ದು ಇದ್ದ ಹಾಗೆ ಬರೆದು ದುಪ್ಪಟ್ಟು ಕಟ್ಟುತ್ತಾರೆ. ನಿಯತ್ತಿಗೆ ದಂಡ ಹಾಕಿದ ಹಾಗಲ್ವಾ ಇದು? ಜಾಗದ ಬೆಲೆಯನ್ನು ಹೀಗೆ ಬಚ್ಚಿಡಲಾಗದು. ಅದು ಪಟ್ಟಿಯಲ್ಲಿ ಅಚ್ಚಾಗಿರುತ್ತದೆ.

ದರ ಹೆದರಿಸುವಂಥದ್ದೂ ಆಗಬೇಕಿಲ್ಲ. 2024ರ ಕರಡಿನಲ್ಲಿ ಸ್ವಂತ ವಾಸದ ಮನೆಗೆ ಇದ್ದದ್ದು ಮಾರ್ಗಸೂಚಿ ಬೆಲೆಯ ಶೇ 0.1. ಲಕ್ಷಕ್ಕೆ ನೂರು ರೂಪಾಯಿ.

ಬೆಲೆಯನ್ನು ಕಾಲಕಾಲಕ್ಕೆ ಹೊಸದು ಮಾಡದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡ್ ಇದೆ. ಅಲ್ಲಿನ ಕೌನ್ಸಿಲ್ ತೆರಿಗೆ ಇವತ್ತಿಗೂ 1991ರ ಮನೆ ಬೆಲೆಯ ಮೇಲೆ ನಿಂತಿದೆ. ವರ್ಷ ಕಳೆದಷ್ಟೂ ಮುಟ್ಟುವುದು ಕಷ್ಟವಾಗಿ, ಯಾವ ಸರ್ಕಾರವೂ ಕೈಹಾಕಿಲ್ಲ. ನಾವು ಆ ಸ್ಥಿತಿಗೆ ಹೋಗುವ ಮೊದಲೇ ಸರಿಮಾಡಿಕೊಳ್ಳುವುದು ಒಳ್ಳೆಯದು. 15ನೇ ಹಣಕಾಸು ಆಯೋಗ ಕೂಡ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಷರತ್ತು ಹಾಕಿತು: ಆಸ್ತಿ ತೆರಿಗೆಗೆ ಕನಿಷ್ಠ ದರ ಪ್ರಕಟಿಸಿ, ರಾಜ್ಯದ ಉತ್ಪನ್ನ ಬೆಳೆದ ಹಾಗೆ ವಸೂಲಿಯನ್ನೂ ಬೆಳೆಸಿ. ತನ್ನ ಕಂದಾಯ ತಾನು ಎತ್ತದ ಊರು ಪ್ರತಿ ಚರಂಡಿಗೂ ಬೇರೆಯವರ ಮುಂದೆ ಕೈಚಾಚುತ್ತದೆ. ದುಡ್ಡು ಕೊಟ್ಟವರು ಹೇಳಿದ್ದೇ ಅಲ್ಲಿ ನಡೆಯುತ್ತದೆ.

ವಿರೋಧ: ಮಾರದ ಮನೆಗೆ ಮಾರುವ ಬೆಲೆ ಯಾಕೆ?

ಮಾರ್ಗಸೂಚಿ ದರ ಹುಟ್ಟಿದ್ದು ಒಂದೇ ಒಂದು ಗಳಿಗೆಗೋಸ್ಕರ. ಕೊಳ್ಳುವವರು, ಮಾರುವವರು ಸಬ್ ರಿಜಿಸ್ಟ್ರಾರ್ ಮುಂದೆ ಕೂತಿರುತ್ತಾರೆ, ದುಡ್ಡು ಕೈ ಬದಲಾಯಿಸುತ್ತಿರುತ್ತದೆ. ಆಗ ಶುಲ್ಕ ಕೇಳುವುದರಲ್ಲಿ ಅರ್ಥ ಇದೆ. ಕೊಡುವವರ ಹತ್ತಿರ ಆವತ್ತು ದುಡ್ಡಿದೆ. ಅದೇ ದರವನ್ನು ಮನೆ ಮಾರುವ ಯೋಚನೆಯೇ ಇಲ್ಲದವರ ಬಾಗಿಲಿಗೆ ವರ್ಷ ವರ್ಷ ತಂದರೆ ಅವರು ಎಲ್ಲಿಂದ ತೆಗೆದು ಕೊಡಬೇಕು?

ಬಿಡಿಎಗೂ ಮೊದಲು ಬೆಂಗಳೂರಿನಲ್ಲಿ ಸೈಟು ಹಂಚುತ್ತಿದ್ದ ಸಿಐಟಿಬಿ ಮಂಡಳಿಯ ಕಾಲದಲ್ಲಿ ಜಯನಗರದಲ್ಲಿ ಸೈಟು ಸಿಕ್ಕಿ, ಸಾಲ ಮಾಡಿ ಒಂದಂತಸ್ತಿನ ಮನೆ ಕಟ್ಟಿಕೊಂಡ ಗುಮಾಸ್ತರ ಕುಟುಂಬವನ್ನು ನೆನೆಸಿಕೊಳ್ಳಿ. ಅಂಥ ಮನೆಗಳು ಇನ್ನೂ ಇವೆ. ಮುಂದೆ ಒಂದು ತೆಂಗಿನ ಮರ, ಕೆಂಪು ನೆಲ, ಗೋಡೆಯಲ್ಲಿ ಬಿರುಕು. ಅವರು ಹೋಗಿ, ಈಗ ಅವರ ಹೆಂಡತಿ ಕುಟುಂಬ ಪಿಂಚಣಿಯಲ್ಲಿ ಬದುಕುತ್ತಿದ್ದಾರೆ. 30×40 ಸೈಟು, ಅಂದರೆ 1,200 ಚದರಡಿ. ಮಾರ್ಗಸೂಚಿ ದರ ಚದರಡಿಗೆ 8,000 ಅಂತ ಇಟ್ಟುಕೊಂಡರೂ ಜಾಗಕ್ಕೇ 96 ಲಕ್ಷ. ಶೇ 0.1 ಅಂದರೆ 9,600. ಉಪಕರ ಸೇರಿದರೆ 11,904 ರೂಪಾಯಿ. ಯೂನಿಟ್ ಲೆಕ್ಕದಲ್ಲಿ ಕಟ್ಟಡ ಹಳೆಯದು ಅಂತ ಆಕೆಗೆ ಸಿಗುತ್ತಿದ್ದ ಸವಕಳಿಯ ಲಾಭ ಇಲ್ಲಿ ಜಾಗದ ಬೆಲೆಯ ಅಡಿಯಲ್ಲಿ ಮುಚ್ಚಿಹೋಯಿತು. ಲಕ್ಷಕ್ಕೆ ನೂರು ಅನ್ನುವುದು ಕೇಳುವುದಕ್ಕೆ ಸಣ್ಣದು. ಲಕ್ಷಗಳನ್ನು ಎಣಿಸುವುದು ಇಲಾಖೆ, ನೂರುಗಳನ್ನು ಹೊಂದಿಸಬೇಕಾದ್ದು ಆಕೆ.

ಮನೆ ಮಾರಿ ಹೋಗಲಿ ಅನ್ನುವವರೂ ಇದ್ದಾರೆ. ಐವತ್ತು ವರ್ಷ ಬಾಳಿದ ಬೀದಿ ಬಿಟ್ಟು, ಪರಿಚಯದ ಡಾಕ್ಟರ್, ದಿನಾ ಹೋಗುವ ದೇವಸ್ಥಾನ, ಮಾತಾಡಿಸುವ ಅಕ್ಕಪಕ್ಕದವರನ್ನೆಲ್ಲ ಬಿಟ್ಟು ಎಲ್ಲಿಗೆ ಹೋಗಬೇಕು? ಕಂದಾಯದ ಕೆಲಸ ಊರನ್ನು ನಡೆಸುವುದು, ಇದ್ದವರನ್ನು ಎಬ್ಬಿಸಿ ಕಳಿಸುವುದಲ್ಲ.

ಪಟ್ಟಿ ಬೀದಿ ಬೀದಿ ಬಿಡಿಸಿ ಹೇಳುತ್ತದೆ ಅನ್ನುವ ಮಾತು ಅರ್ಧ ನಿಜ. ಹೊಸ ಬಡಾವಣೆಗಳ ಕಡೆ ಹೋಗಿ ನೋಡಿ. ಇಡೀ ಬಡಾವಣೆಗೆ ಒಂದೇ ದರ ಇರುವ ಕಡೆ ಡಾಂಬರು ಕಂಡ ರಸ್ತೆಯೂ ಇರುತ್ತದೆ, ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವ ಅಡ್ಡರಸ್ತೆಯೂ ಇರುತ್ತದೆ. ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಅಷ್ಟು ಒರಟು ಅಳತೆ ಸಾಕಾಗಬಹುದು. ಒಮ್ಮೆ ಕೊಟ್ಟು ಮುಗಿಸುವ ದುಡ್ಡು ಅದು. ಪ್ರತಿ ವರ್ಷ ಕಟ್ಟುವ ಕಂದಾಯಕ್ಕೆ ಆ ತಪ್ಪು ವರ್ಷ ವರ್ಷವೂ ಅಂಟಿಕೊಳ್ಳುತ್ತದೆ.

ನನ್ನ ದೊಡ್ಡ ಆಕ್ಷೇಪ ಇರುವುದು ಮಾತ್ರ ಬೇರೆ ಕಡೆ. ಮಾರ್ಗಸೂಚಿ ದರವನ್ನು ಯಾರು ಏರಿಸುತ್ತಾರೆ? ನೋಂದಣಿ ಇಲಾಖೆ. ಯಾಕೆ? ರಾಜ್ಯದ ಬೊಕ್ಕಸಕ್ಕೆ ಮುದ್ರಾಂಕ ಶುಲ್ಕ ಜಾಸ್ತಿ ಬರಲಿ ಅಂತ. ಕೆಲವು ವರ್ಷ ಮುಟ್ಟದೆ ಬಿಟ್ಟು, 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಸರಾಸರಿ ಶೇ 25ರಿಂದ 30ರಷ್ಟು ಏರಿಸಿದರು. ಮನೆ ಕಂದಾಯವನ್ನು ಇದಕ್ಕೆ ನೇರ ಕಟ್ಟಿಹಾಕಿದರೆ, ಇಂಥ ಒಂದು ಆದೇಶಕ್ಕೆ ಊರಿನ ಎಲ್ಲ ಮನೆಗಳ ಕಂದಾಯ ಏರುತ್ತದೆ. ಪಾಲಿಕೆ ಸಭೆಯಲ್ಲಿ ಒಂದು ಮಾತೂ ಆಗಬೇಕಿಲ್ಲ. ಉಳಿದ ಊರುಗಳಲ್ಲಿ ಮಾರ್ಗಸೂಚಿ ದರದ ಒಂದು ಪಾಲನ್ನಷ್ಟೇ ಲೆಕ್ಕಕ್ಕೆ ಹಿಡಿದು, ವರ್ಷದ ಏರಿಕೆಗೆ ಶೇ 3ರಿಂದ 5 ಅಂತ ಮಿತಿ ಹಾಕಿದ್ದಾರೆ. ಬ್ರೇಕ್ ಇಲ್ಲದೆ ಈ ಪದ್ಧತಿ ನಡೆಯದು ಅಂತ ಮಾಡಿದವರಿಗೇ ಗೊತ್ತಿದೆ ಅಂದ ಹಾಗಾಯಿತು.

ಬೆಂಗಳೂರಿನಲ್ಲಂತೂ ಮಾತಾಡಲು ಸಭೆಯೇ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ಊರು ನಡೆಸಿದರು. 2024ರ ಕರಡು ಬಂದದ್ದೂ ಆ ಹೊತ್ತಿನಲ್ಲೇ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಊರಿನ ಆಡಳಿತ ಊರಿನವರ ಕೈಗೆ ಬರಲಿ ಅಂತ ಬಯಸಿತ್ತು. ತೆರಿಗೆ ಹಾಕುವವರನ್ನು ಮತ ಹಾಕಿ ಇಳಿಸುವ ದಾರಿ ಇರಬೇಕು. ಅದಿಲ್ಲದಾಗ ನಮ್ಮ ವಾರ್ಡಿನ ಮೋರಿ ಕಟ್ಟಿಕೊಂಡಿದೆ, ಆ ದುಡ್ಡು ಎಲ್ಲಿ ಹೋಯಿತು ಅಂತ ಯಾರ ಮನೆ ಬಾಗಿಲು ತಟ್ಟಬೇಕು?

ಮೆಟ್ರೊ ಬಂದು ಬೆಲೆ ಏರಿತು ಅನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ನ್ಯಾಯ ಇದೆ. ಆದರೆ ಲಾಭ ಕೈಗೆ ಬರುವುದು ಮಾರಿದಾಗ, ಇಲ್ಲವೇ ಬಾಡಿಗೆ ಏರಿದಾಗ. ಬಾಡಿಗೆ ಬರುವ ಕಟ್ಟಡಕ್ಕೆ ಜಾಸ್ತಿ ಹಾಕಿ, ಸುಳ್ಳು ಬರೆದುಕೊಟ್ಟವರನ್ನು ಹಿಡಿಯಿರಿ. ವಿದ್ಯುತ್ ಮೀಟರ್ ಎಷ್ಟಿದೆ ಅಂತ ನೋಡಿದರೂ ಮೂರು ಮಹಡಿಯಲ್ಲಿ ಎಷ್ಟು ಸಂಸಾರ ಇದೆ ಅಂತ ತಿಳಿಯುತ್ತದೆ. ಲೆಕ್ಕಕ್ಕೇ ಸಿಗದ ಆಸ್ತಿಗಳನ್ನು ಖಾತೆಗೆ ತನ್ನಿ. ಈ ಕೆಲಸ ಬಿಟ್ಟು ಪದ್ಧತಿ ಬದಲಿಸಿದರೆ, ಈಗಾಗಲೇ ಸರಿಯಾಗಿ ಕಟ್ಟುವವರೇ ಮತ್ತೆ ಜಾಸ್ತಿ ಕಟ್ಟುತ್ತಾರೆ. ಕಸಕ್ಕೆ 2025ರ ಏಪ್ರಿಲ್‌ನಿಂದ ಕಟ್ಟಡದ ಅಳತೆ ನೋಡಿ ಬೇರೆ ಶುಲ್ಕ ಬಂದಿದೆ, ಅದೂ ಕಂದಾಯದ ಜೊತೆಗೇ ಸೇರಿ ಬರುತ್ತದೆ. ನೀರಿಗೆ, ಒಳಚರಂಡಿಗೆ ಮೊದಲಿಂದಲೂ ಬೇರೆ ಬಿಲ್ ಇದೆ. ಒಂದೊಂದಕ್ಕೂ ಬಿಡಿಯಾಗಿ ವಸೂಲಿ ಮಾಡುತ್ತಾ ಮೂಲ ಕಂದಾಯವನ್ನೂ ಏರಿಸುವುದಾದರೆ, ಅದು ಯಾವ ಕೆಲಸಕ್ಕೆ ಅಂತ ಬರೆದು ತೋರಿಸಲಿ.

ಬೆಲೆಯ ಆಧಾರವೇ ಬೇಕು ಅಂದರೆ ನನ್ನ ಷರತ್ತು ಎರಡು. ದರದ ಪಟ್ಟಿಯನ್ನು ಗೆದ್ದು ಬಂದ ಪಾಲಿಕೆ ಸದಸ್ಯರು ಬಹಿರಂಗ ಸಭೆಯಲ್ಲಿ ಒಪ್ಪಬೇಕು. ಪಿಂಚಣಿಯಲ್ಲಿ, ಸ್ವಂತ ಮನೆಯಲ್ಲಿ ಇರುವವರಿಗೆ ಹಳೆಯ ಲೆಕ್ಕದ ಕಂದಾಯವನ್ನೇ ಮುಂದುವರಿಸಬೇಕು. ಬೆಲೆಯಿಂದ ಬಂದ ಹೆಚ್ಚುವರಿಯನ್ನು ಬಡ್ಡಿ ಇಲ್ಲದೆ ಖಾತೆಯಲ್ಲಿ ಬಾಕಿ ಬರೆದಿಟ್ಟು, ಮನೆ ಮಾರುವ ದಿನ ನೋಂದಣಿಯ ಹೊತ್ತಿಗೆ ವಸೂಲಿ ಮಾಡಿಕೊಳ್ಳಲಿ. ಆವತ್ತು ಕೊಡಲು ಅವರ ಹತ್ತಿರ ದುಡ್ಡಿರುತ್ತದೆ.