ಸಂಬಳ ಬಿಟ್ಟು ಪ್ರತಿಜ್ಞೆಯನ್ನಷ್ಟೇ ಜಪಾನಿನಿಂದ ತಂದವರು

ಇವತ್ತು ಇಡೀ ದಿನ ಕಂಪನಿಯ ತರಬೇತಿ ಕೊಠಡಿಯಲ್ಲಿ ಕುಳಿತು 'ಜಪಾನೀ ನಿರ್ವಹಣಾ ತತ್ವ' ಎಂಬ ಕಾರ್ಯಾಗಾರವನ್ನು ಮುಗಿಸಿಕೊಂಡು ಬಂದಿದ್ದೇನೆ. ಉತ್ಪಾದನಾ ವಿಭಾಗದಲ್ಲಿ ನಾನು ಎಷ್ಟು ವರ್ಷ ಸವೆಸಿದ್ದೇನೆಂಬುದು ನಿಮಗೆಲ್ಲ ಗೊತ್ತಿರುವುದರಿಂದ ಪೀಠಿಕೆ ಬೇಡ. ತರಬೇತುದಾರರು ಪ್ಯಾನಾಸೋನಿಕ್ ಸ್ಥಾಪಕ ಕೊನೊಸುಕೆ ಮಾತ್ಸುಶಿತಾ ಅವರ ಏಳು ತತ್ವಗಳನ್ನು ಪರದೆಯ ಮೇಲೆ ತೋರಿಸಿ, ಮುಂದಿನ ಸೋಮವಾರದಿಂದ ನಾವೂ ಬೆಳಗಿನ ಪಾಳಿಗೆ ಮುಂಚೆ ಸಾಲಾಗಿ ನಿಂತು ಅಂಥದ್ದೇ ಪ್ರತಿಜ್ಞೆಯೊಂದನ್ನು ಹೇಳಬೇಕೆಂದರು. ಅದಕ್ಕೆ ಜೋರಾಗಿ ಚಪ್ಪಾಳೆ ತಟ್ಟಿದ ಮೇಲಧಿಕಾರಿಗಳು, ಆರ್ಡರ್ ಕಡಿಮೆಯಾಯಿತೆಂಬ ಕಾರಣಕ್ಕೆ ಕಳೆದ ತಿಂಗಳಷ್ಟೇ ಒಂದು ಲೈನಿನ ಗುತ್ತಿಗೆ ಕೆಲಸಗಾರರನ್ನೆಲ್ಲ ಒಂದೇ ಮಧ್ಯಾಹ್ನ ಗೇಟಿನಾಚೆ ಕಳಿಸಿದವರು.

ಪರದೆಯ ಮೇಲೆ ಬಾರದ ಸಂಗತಿಯನ್ನು ನಾನೇ ಹೇಳುತ್ತೇನೆ. 1918ರಲ್ಲಿ ಒಸಾಕಾದಲ್ಲಿ ಮಾತ್ಸುಶಿತಾ, ಅವರ ಹೆಂಡತಿ ಮತ್ತು ಭಾವಮೈದುನ ಸೇರಿ ವಿದ್ಯುತ್ ಪ್ಲಗ್ಗು, ಸಾಕೆಟ್ಟುಗಳನ್ನು ತಯಾರಿಸುತ್ತಾ ಆರಂಭಿಸಿದ ಸಂಸ್ಥೆ ಅದು. (ಆ ಭಾವಮೈದುನನೇ ಮುಂದೆ ಸ್ಯಾನ್ಯೊ ಕಂಪನಿಯನ್ನು ಕಟ್ಟಿದವರು, ಬಿಪಿಎಲ್ ಟಿವಿಗಳ ಮೇಲೆ ಆ ಹೆಸರನ್ನು ಓದುತ್ತಾ ಬೆಳೆದವರು ನಾವು.) 1929ರ ಕೊನೆಗೆ ಆರ್ಥಿಕ ಕುಸಿತದಿಂದ ಮಾರಾಟ ಅರ್ಧಕ್ಕಿಳಿದು, ಗೋದಾಮು ತುಂಬಿ ತುಳುಕಿದಾಗ, ಅರ್ಧದಷ್ಟು ಜನರನ್ನು ತೆಗೆಯಬೇಕೆಂಬ ಸಲಹೆ ಕಾಯಿಲೆಯಿಂದ ಮಲಗಿದ್ದ ಮಾತ್ಸುಶಿತಾ ಅವರ ಮುಂದೆ ಬಂತು. ಅವರು ಉತ್ಪಾದನೆಯನ್ನು ಅರ್ಧ ಮಾಡಿದರು, ಕೆಲಸದ ಅವಧಿಯನ್ನೂ ಅರ್ಧ ಮಾಡಿದರು. ಆದರೆ ಒಬ್ಬರನ್ನೂ ತೆಗೆಯಲಿಲ್ಲ, ಸಂಬಳದಲ್ಲಿ ಒಂದು ಕಾಸನ್ನೂ ಕಡಿಯಲಿಲ್ಲ. ಅದಕ್ಕೆ ಪ್ರತಿಯಾಗಿ ಎಲ್ಲರೂ ರಜೆ ಮರೆತು ಸರಕು ಮಾರಲು ಹೊರಡಬೇಕೆಂದು ಕೇಳಿಕೊಂಡರು. ಎರಡೇ ತಿಂಗಳಲ್ಲಿ ಗೋದಾಮು ಖಾಲಿಯಾಯಿತು.

ಬೆಳಗಿನ ಸಭೆಯಲ್ಲಿ ಹೇಳುವ ಆ ಏಳು ತತ್ವಗಳಲ್ಲಿ ಐದನ್ನು ಅವರು ರೂಪಿಸಿದ್ದು 1933ರಲ್ಲಿ, ಉಳಿದೆರಡು ಸೇರಿದ್ದು 1937ರಲ್ಲಿ. ಅಂದರೆ ಪೂರ್ತಿ ಸಂಬಳ ಮೊದಲು ಬಂತು, ಪ್ರತಿಜ್ಞೆ ಆಮೇಲೆ ಬಂತು. ನಮ್ಮಲ್ಲಿ ಮೊದಲನೆಯದನ್ನು ಹಾರಿಸಿ ಎರಡನೆಯದಕ್ಕೆ ಧ್ವನಿವರ್ಧಕ ತರಿಸುತ್ತಿದ್ದಾರೆ. ಎರಡನೆಯದಕ್ಕೆ ಖರ್ಚು ಕಡಿಮೆ ತಾನೆ!

ವಿದೇಶಗಳಿಗೆ ಹೋದಾಗಲೂ ಮಾತ್ಸುಶಿತಾ ತಮ್ಮ ನಿರ್ವಹಣೆಯನ್ನು ಗೋಡೆಗೆ ಅಂಟಿಸುವ ಘೋಷವಾಕ್ಯವೆಂದು ಭಾವಿಸಲಿಲ್ಲ, ಬೆಲೆಯುಳ್ಳ ಸರಕೆಂದೇ ತಿಳಿದಿದ್ದರು. 1952ರಲ್ಲಿ ಹಾಲೆಂಡಿನ ಫಿಲಿಪ್ಸ್ ಜೊತೆ ಜಂಟಿ ಸಂಸ್ಥೆ ಕಟ್ಟುವ ಮಾತುಕತೆಯಲ್ಲಿ ಫಿಲಿಪ್ಸ್‌ನವರು ತಮ್ಮ ತಂತ್ರಜ್ಞಾನಕ್ಕೆ ಶೇಕಡಾ 7ರಷ್ಟು ಶುಲ್ಕ ಕೇಳಿದರು. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶದ ಈ ವ್ಯಾಪಾರಿ, ನಿಮ್ಮ ತಂತ್ರಜ್ಞಾನಕ್ಕೆ ಬೆಲೆಯಿದ್ದರೆ ನಮ್ಮ ನಿರ್ವಹಣೆಗೂ ಬೆಲೆಯಿದೆಯೆಂದು ಪಟ್ಟು ಹಿಡಿದು, ಅದನ್ನು ಶೇಕಡಾ 4.5ಕ್ಕೆ ಇಳಿಸಿ, ತಮ್ಮ ನಿರ್ವಹಣೆಗೆ ಶೇಕಡಾ 3ರಷ್ಟನ್ನು ಅವರಿಂದಲೇ ವಸೂಲು ಮಾಡಿದರು. ಇದನ್ನು ಓದಿದಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತದೆ. 1961ರಲ್ಲಿ ಥಾಯ್ಲೆಂಡಿನಲ್ಲಿ, 1965ರಲ್ಲಿ ಮಲೇಷ್ಯಾದಲ್ಲಿ ಕಾರ್ಖಾನೆಗಳು ಬಂದವು. ಮಲೇಷ್ಯಾದಲ್ಲಿ ಬೆಳಗಿನ ಹಾಡೂ ಕವಾಯತೂ ಇದ್ದವು ನಿಜ. ಅದರ ಜೊತೆಗೆ ಕ್ಯಾಂಟೀನಿನಲ್ಲಿ ಮಲಯ, ಚೀನೀ, ಭಾರತೀಯ ಅಡುಗೆಗಳೂ, ಮುಸ್ಲಿಂ ಕೆಲಸಗಾರರಿಗೆ ಪ್ರಾರ್ಥನೆಯ ಕೋಣೆಯೂ ಇದ್ದವು. ನಮ್ಮ ಕ್ಯಾಂಟೀನಿನಲ್ಲಿ ಗುತ್ತಿಗೆಯವರ ಸಾಲೇ ಬೇರೆ, ಅವರ ಸಾರೂ ಬೇರೆ. ಅಲ್ಲಿಂದ ಇಲ್ಲಿಗೆ ಬಂದು ತಲುಪಿದ್ದು ಹಾಡೊಂದೇ.

ಪಕ್ಕದಲ್ಲಿ ಕುಳಿತಿದ್ದ ಕಿರಿಯ ಸಹೋದ್ಯೋಗಿಯೊಬ್ಬರು, "ಸಾರ್, ಆ ಕಂಪನಿಯೇ ಈಗ ಜನರನ್ನು ತೆಗೆಯುತ್ತಿದೆಯಲ್ಲಾ?" ಎಂದು ಕೇಳಿದರು. ಅದು ಸುಳ್ಳಲ್ಲ. 2001-02ರಲ್ಲಿ, 40,000 ಕೋಟಿ ಯೆನ್‌ಗೂ ಮಿಕ್ಕಿದ ನಷ್ಟವಾದಾಗ, ಅಲ್ಲಿ ಸುಮಾರು 13,000 ಜನ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಹೊರಬಂದರು. 2025ರ ಮೇ ತಿಂಗಳಲ್ಲಿ, ಲಾಭದಲ್ಲಿರುವಾಗಲೇ, ಜಪಾನಿನಲ್ಲೂ ಹೊರದೇಶಗಳಲ್ಲೂ ಒಟ್ಟು 10,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿದರು. ಇದನ್ನು ನೋಡಿದರೆ ಮಾತ್ಸುಶಿತಾ ಅವರಿಗೆ ಬೇಸರವಾಗುತ್ತಿತ್ತೋ ಏನೋ. ಅವರು 1989ರಲ್ಲೇ ತೀರಿಕೊಂಡರು. ಆದರೆ ದಶಕಗಳ ಕಾಲ ನಡೆಸಿ ಕೊನೆಗೆ ಸೋತವರ ಸೋಲನ್ನು, ಒಂದು ದಿನವೂ ನಡೆಸಿ ನೋಡದ ನಾವು ನೆಪ ಮಾಡಿಕೊಳ್ಳುವುದು ಯಾವ ನ್ಯಾಯ? ಆ ತತ್ವಕ್ಕೆ ಕಾಲ ಮುಗಿದಿದೆಯೆಂದಾದರೆ ಅದರ ಪ್ರತಿಜ್ಞೆಗೂ ಕಾಲ ಮುಗಿದಿದೆ. ಸೋಮವಾರ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಬೇಡಿ.

ಇಷ್ಟೆಲ್ಲ ಬರೆಯುವ ನನ್ನ ಕೈಯೇನೂ ಶುದ್ಧವಲ್ಲ. ಎಂಟು ವರ್ಷಗಳ ಹಿಂದೆ ಹದಿನಾಲ್ಕು ಹೆಸರುಗಳ ಒಂದು ಪಟ್ಟಿಗೆ ಸಹಿ ಹಾಕಿದ್ದು ಇದೇ ಕೈ. 1929ರ ಈ ಕಥೆ ಆಗಲೂ ನನಗೆ ಗೊತ್ತಿತ್ತು. ಅರ್ಧ ಪಾಳಿ ಮಾಡಿ ಎಲ್ಲರನ್ನೂ ಉಳಿಸಿಕೊಳ್ಳೋಣವೆಂದು ಸಭೆಯಲ್ಲಿ ಒಂದು ಮಾತು ಹೇಳಬಹುದಿತ್ತು; ಹೇಳಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ, ಅಷ್ಟೇ ಕಾರಣ.

ಇವತ್ತು ಮಾತ್ರ ಎದ್ದು ನಿಂತು, 1929ರಲ್ಲಿ ಸಂಬಳ ಕೊಟ್ಟ ಸಂಗತಿಯನ್ನೂ ಪರದೆಗೆ ಸೇರಿಸಬಹುದೇ ಎಂದು ಕೇಳಿದೆ. ತರಬೇತುದಾರರು ಬಹಳ ಒಳ್ಳೆಯ ಪ್ರಶ್ನೆಯೆಂದು ಹೊಗಳಿ, ಊಟದ ನಂತರ ಚರ್ಚಿಸೋಣವೆಂದರು. ಊಟದ ನಂತರ ಗುಂಪು ಫೋಟೋ ತೆಗೆದರು. ಎರಡನೇ ಸಾಲಿನಲ್ಲಿ, ಕಂಪನಿಯವರು ಕೊಟ್ಟ ಹೊಸ ಟೋಪಿ ಹಾಕಿಕೊಂಡು, ನಾನೂ ನಿಂತಿದ್ದೇನೆ.