ಬಿಲ್‌ನಲ್ಲಿ ಎಲ್ಲ ಇದೆ, ಬ್ರೇಕ್ ಫ್ಲೂಯಿಡ್ ಇಲ್ಲ

ಲಕ್ಷ ಕಿಲೋಮೀಟರ್ ದಾಟಿದ ಕಾರನ್ನು ಸರ್ವಿಸ್‌ಗೆ ಬಿಟ್ಟರೆ ಬಿಲ್‌ನಲ್ಲಿ ಏನಿರುತ್ತದೆ ನೋಡಿ: ಎಂಜಿನ್ ಫ್ಲಶ್, ಎಂಜಿನ್ ಡ್ರೆಸ್ಸಿಂಗ್, ಟೆಫ್ಲಾನ್ ಕೋಟಿಂಗ್. ಬ್ರೇಕ್ ಫ್ಲೂಯಿಡ್ ಮಾತ್ರ ಇರುವುದಿಲ್ಲ. ಕೊಡಗಿನ ಗಾಡಿಗೂ ಹೀಗೆ ಮಾಡಿದರೆ ಹೊಟ್ಟೆ ಉರಿಯುತ್ತದೆ.

ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕ್‌ಗೆ ಮುಟ್ಟಿಸುವ ಈ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕುದಿಯುವುದು 230 ಡಿಗ್ರಿಯ ಮೇಲೆ. ನೀರು ಸೇರಿದ ಮೇಲೆ ಅದು 155ರ ಆಸುಪಾಸಿಗೆ ಇಳಿಯಬಹುದು. ಮಡಿಕೇರಿಯಿಂದ ಸಂಪಾಜೆಗೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಡಿಸ್ಕ್‌ಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಕಾದು, ಒಳಗೆ ಆವಿ ಗುಳ್ಳೆ ಎದ್ದು, ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ಒಂದು ಲೀಟರ್ ಸಾಕು!

ಇನ್ನು ಕ್ಯಾಲಿಪರ್ ಸರಿದಾಡುವ ಪಿನ್. ಅದರ ರಬ್ಬರ್ ಹೊದಿಕೆ (ಬೂಟ್) ಹರಿದರೆ ಮಳೆಗಾಲದ ಕೆಸರು ನುಗ್ಗಿ ಪಿನ್ ತುಕ್ಕು ಹಿಡಿದು ಜಾಮ್ ಆಗುತ್ತದೆ. ಒಳಗಿನ ಪ್ಯಾಡ್ ಲೋಹದವರೆಗೆ ಸವೆದರೂ ಹೊರಗಿನದು ಅರ್ಧವೂ ಸವೆದಿರುವುದಿಲ್ಲ. ಚಕ್ರದ ಸಂದಿಯಿಂದ ಇಣುಕಿ "ಪ್ಯಾಡ್ ಓಕೆ" ಅಂತ ಬರೆದುಬಿಡುತ್ತಾರೆ. ಚಕ್ರ ಬಿಚ್ಚಿ, ಪಿನ್ ಎಳೆದು, ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ.

ತೋಟದ ರಸ್ತೆಯಲ್ಲಿ ಓಡುವ ಗಾಡಿಗೆ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್‌ನ ರಬ್ಬರ್ ಬುಶ್, ಬಾಲ್ ಜಾಯಿಂಟ್ ಅಲುಗಾಡಿಸಿ ನೋಡದೆ ಚಕ್ರಗಳ ಅಲೈನ್‌ಮೆಂಟ್ ಮಾಡಿದರೆ ದುಡ್ಡು ದಂಡ. ಬುಶ್ ಸಡಿಲವಿದ್ದರೆ ಹೊಂದಿಸಿದ ಅಳತೆ ನಿಲ್ಲುವುದೇ ಇಲ್ಲ.

ಎಂಜಿನ್ ಆಯಿಲ್ ಎಷ್ಟು ಲೀಟರ್ ಬೇಕು ಅಂತ ಕೈಪಿಡಿ ನೋಡಿಕೊಂಡೇ ಹೋಗಿ. ಎಸ್ಟಿಮೇಟ್‌ನಲ್ಲಿ ಬಿಡಿಭಾಗ, ಕೂಲಿ ಬೇರೆ ಬೇರೆ ಬರೆಸಿ. ತೆಗೆದ ಹಳೇ ಪ್ಯಾಡ್, ಫಿಲ್ಟರ್‌ಗಳನ್ನು ಡಿಕ್ಕಿಗೆ ಹಾಕಿಸಿಕೊಳ್ಳಿ.